ಬಣಕಲ್‌ನಿಂದ ಬೆಂಗಳೂರಿಗೆ: ಊಟದ ತಟ್ಟೆಯಲ್ಲೊಂದು ವಲಸೆ

ಬಣಕಲ್ (ಮೂಡಿಗೆರೆ): ಕಾಫಿ ತೋಟಗಳ ನಡುವಿನ ಈ ಹೋಬಳಿ ಕೇಂದ್ರದಿಂದ ರಾಜಧಾನಿಗೆ ಸುಮಾರು 250 ಕಿ.ಮೀ. ದೂರ. ಓದು ಮುಗಿಸಿದ ಯುವಕ-ಯುವತಿಯರು ಬೆಂಗಳೂರಿನ ಬಸ್ ಹತ್ತುವುದು ಇಲ್ಲಿ ಹೊಸ ಸಂಗತಿಯೇನಲ್ಲ. ಬೆಳೆಗಾರರ ಮಕ್ಕಳು ಹೋಗುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಬೆಳೆದ ಕಾರ್ಮಿಕರ ಮಕ್ಕಳೂ ಹೋಗುತ್ತಾರೆ. ಕೆಲಸ, ಸಂಬಳ, ಬಾಡಿಗೆ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಊರು ಬಿಟ್ಟವರ ತಟ್ಟೆಯಲ್ಲಿ ಆಗುವ ಬದಲಾವಣೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆ ಬದಲಾವಣೆ ನಗರದ ಕೋಣೆಯಲ್ಲಿ ಮುಗಿಯುವುದೂ ಇಲ್ಲ. ಮಲೆನಾಡಿನ ಗದ್ದೆಯವರೆಗೂ ಅದರ ಪರಿಣಾಮವಿದೆ.

ಮಳೆಯೇ ಅಡುಗೆಯ ಪಂಚಾಂಗ

ಮಲೆನಾಡಿನ ಅಡುಗೆಗೆ ಅಕ್ಕಿಯೇ ಆಧಾರ. ರಾತ್ರಿ ಉಳಿದ ಅನ್ನಕ್ಕೆ ಅಕ್ಕಿ ಹಿಟ್ಟು ಬೆರೆಸಿ ನಾದಿ, ತಟ್ಟಿ, ಹೆಂಚಿನಲ್ಲಿ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿದರೆ ಬೆಳಗಿನ ರೊಟ್ಟಿ. ಅಕ್ಕಿ ತರಿಯನ್ನು ಕುದಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಕಡುಬು. ಅದಕ್ಕೆ ಕೋಳಿ ಸಾರೋ, ಹಂದಿ ಮಾಂಸದ ಸಾರೋ, ಸಸ್ಯಾಹಾರಿಗಳಿಗೆ ಕಾಯಿ ಚಟ್ನಿಯೋ ಜತೆ. ಕೊಟ್ಟಿಗೆಹಾರದತ್ತ ಸಾಗಿದರೆ ಘಟ್ಟ ಹತ್ತಿ ಬಂದ ನೀರುದೋಸೆ ಹೋಟೆಲುಗಳಲ್ಲಿ ಕಾಯುತ್ತಿರುತ್ತದೆ.

ಉಳಿದುದನ್ನೆಲ್ಲ ನಿರ್ಧರಿಸುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹಿಡಿದಾಗ ಸಂತೆಯ ತರಕಾರಿಗಿಂತ ಹಿತ್ತಲು, ಗದ್ದೆ, ತೋಟದಲ್ಲಿ ಸಿಗುವುದೇ ಹೆಚ್ಚು. ಬಿದಿರಿನ ಎಳೆ ಮೊಳಕೆಯಾದ ಕಳಲೆ, ಮರದ ಕಾಂಡದ ಮೇಲೆ ಬೆಳೆಯುವ ಮರಕೆಸು, ಹುತ್ತದ ಅಣಬೆ, ಗದ್ದೆಯ ಏಡಿ ಎಲ್ಲವೂ ಈ ಅವಧಿಯ ಕೊಡುಗೆ.

ಇವುಗಳನ್ನು ಉಣ್ಣಲು ತಿಳಿವಳಿಕೆಯೂ ಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಹೆಚ್ಚಿ, ಎರಡು-ಮೂರು ದಿನ ನೀರು ಬದಲಿಸುತ್ತ ನೆನೆಸಿ, ನಂತರ ಬೇಯಿಸಲಾಗುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿದ್ದು ಗಂಟಲು ತುರಿಸುತ್ತದೆ. ಪತ್ರೊಡೆಗೆ ಧಾರಾಳವಾಗಿ ಹುಣಸೆ ಹುಳಿ ಬೀಳುವುದು, ಚೆನ್ನಾಗಿ ಬೇಯಿಸುವುದು ಇದೇ ಕಾರಣಕ್ಕೆ. ಅಣಬೆಯಲ್ಲಿ ಯಾವುದು ತಿನ್ನುವಂಥದ್ದು, ಯಾವುದು ವಿಷ ಎಂಬುದನ್ನು ಕಣ್ಣಿನ ಅನುಭವವೇ ಹೇಳಬೇಕು. ಈ ಜ್ಞಾನ ಬಹುತೇಕ ಅಜ್ಜಿ, ಅಮ್ಮಂದಿರ ಕೈಯಲ್ಲಿದೆ. ಪುಸ್ತಕಕ್ಕೆ ಬಂದದ್ದು ಕಡಿಮೆ.

ಬಾಡಿಗೆ ಕೋಣೆಯ ದಿನಚರಿ

ಬೆಂಗಳೂರು ಸೇರಿದ ಹೊಸದರಲ್ಲಿ ಪಿ.ಜಿ. ಕೋಣೆಯೇ ಮನೆ. ಅಲ್ಲಿ ಒಲೆ ಹಚ್ಚಲು ಹಲವೆಡೆ ಅನುಮತಿಯಿಲ್ಲ. ರಾಜ್ಯದ, ಹೊರರಾಜ್ಯದ ಎಲ್ಲರಿಗೂ ಒಗ್ಗಬೇಕಾದ ಪಿ.ಜಿ. ಊಟ ಯಾರ ಊರಿನದೂ ಆಗಿರುವುದಿಲ್ಲ. ಹಾಗಾಗಿ ಬೆಳಗಿನ ಆಶ್ರಯ ದರ್ಶಿನಿ. 1980ರ ದಶಕದಲ್ಲಿ ಜಯನಗರದಿಂದ ಹರಡಿದ ನಿಂತು ತಿನ್ನುವ ಈ ಪದ್ಧತಿ ಕಡಿಮೆ ಜಾಗ, ಕಡಿಮೆ ಸಮಯ, ಮಿತದರ ಎಂಬ ಲೆಕ್ಕದ ಮೇಲೆ ನಿಂತಿದೆ. ಇಡ್ಲಿ, ವಡೆ, ಮಸಾಲೆ ದೋಸೆ, ರೈಸ್‌ಬಾತ್ ಐದು ನಿಮಿಷದಲ್ಲಿ ಕೈಗೆ ಬರುತ್ತವೆ. ಹಬೆಯಲ್ಲಿ ಬೇಯಿಸಿ ಬಿಸಿಯಾಗಿಯೇ ಬಡಿಸಬೇಕಾದ ಕಡುಬು ಈ ವೇಗಕ್ಕೆ ಒಗ್ಗಿಲ್ಲ. ಮಲೆನಾಡು ಶೈಲಿಯೆಂದು ಹೇಳಿಕೊಳ್ಳುವ ಹೋಟೆಲುಗಳು ನಗರದಲ್ಲಿವೆ. ಆದರೆ ಅವು ನಿತ್ಯದ ಊಟಕ್ಕಲ್ಲ, ವಾರಾಂತ್ಯದ ಜೇಬಿಗೆ.

ರಾತ್ರಿಯ ಊಟವನ್ನು ಮೊಬೈಲ್ ನಿರ್ಧರಿಸುತ್ತದೆ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿಯಂತಹ ಸೇವೆಗಳು ಕೋಣೆಯ ಬಾಗಿಲಿಗೆ ಊಟ ತಲುಪಿಸುತ್ತವೆ. ಅನುಕೂಲ ದೊಡ್ಡದು. ಆದರೆ ಊಟ, ವಿತರಣೆಯ ಶುಲ್ಕ, ತೆರಿಗೆ ಸೇರಿದ ಮೊತ್ತ ತಿಂಗಳ ಕೊನೆಗೆ ಬಾಡಿಗೆಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ನಾಲ್ಕೈದು ಮಂದಿ ಸೇರಿ ಮನೆ ಹಿಡಿದು, ಕುಕ್ಕರ್ ಕೊಂಡು, ಸರದಿಯಂತೆ ಅಡುಗೆ ಮಾಡಲು ತೊಡಗುವುದರ ಹಿಂದೆ ಊರಿನ ನೆನಪಿನಷ್ಟೇ ಈ ಲೆಕ್ಕಾಚಾರವೂ ಇದೆ. ಊರಿಂದ ಬಸ್ಸಿನಲ್ಲಿ ಬರುವ ಚೀಲದಲ್ಲಿ ಕಾಫಿ ಪುಡಿ, ಕಾಳುಮೆಣಸು, ಉಪ್ಪಿನಕಾಯಿ ಇರುತ್ತವೆ. ಕಳಲೆ, ಅಣಬೆ, ಏಡಿ ಮಾತ್ರ ಇಷ್ಟು ದೂರದ ಪ್ರಯಾಣವನ್ನು ಸಹಿಸುವುದಿಲ್ಲ.

ಬೀಜ ಒಂದೇ, ಕಾಫಿ ಬೇರೆ

ಕಾಫಿ ನಾಡಿನಿಂದ ಬಂದವರಿಗೆ ನಗರದ ಕಾಫಿಯೂ ಅಪರಿಚಿತವೇ. ಬಣಕಲ್ ಸುತ್ತಲಿನ ಹಳೆಯ ಮನೆಗಳಲ್ಲಿ ತೋಟದ್ದೇ ಬೀಜ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿದ ಕಾಫಿ ರೂಢಿ. ನಗರದ ಫಿಲ್ಟರ್ ಕಾಫಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಬೆರೆತಿರುತ್ತದೆ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಡಿಕಾಕ್ಷನ್‌ಗೆ ಬಣ್ಣ, ಮಂದತೆ ನೀಡುತ್ತದೆ, ಬೆಲೆಯನ್ನೂ ತಗ್ಗಿಸುತ್ತದೆ. ಇಂತಹ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕೆಂಬುದು ದೇಶದ ಆಹಾರ ನಿಯಮ. ಅಂದರೆ ನಿಯಮದ ಪ್ರಕಾರವೇ ಪುಡಿಯ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗ ಕಾಫಿಯಲ್ಲದಿರಬಹುದು.

ಕಾಫಿ ಗೆಳೆಯರ ಭೇಟಿಯ ನೆಪವಾದದ್ದಕ್ಕೂ ಈ ತಾಲ್ಲೂಕಿಗೂ ನಂಟಿದೆ. ದಶಕಗಳ ಕಾಲ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಮುಕ್ತ ಮಾರಾಟ ಸಾಧ್ಯವಾಯಿತು. ಅದೇ ವರ್ಷ ಮೂಡಿಗೆರೆ ತಾಲ್ಲೂಕಿನ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಹೋಟೆಲಿನಲ್ಲಿ ಕಾಫಿ ಮುಗಿದೊಡನೆ ಏಳಬೇಕಿದ್ದ ಯುವಜನರಿಗೆ ಗಂಟೆಗಟ್ಟಲೆ ಕೂರುವ ಜಾಗ ಸಿಕ್ಕಿತು. ಸಿದ್ಧಾರ್ಥ 2019ರ ಜುಲೈನಲ್ಲಿ ನಿಧನರಾದಾಗ ಮಲೆನಾಡು ಮರುಗಿದ್ದರಲ್ಲಿ ಈ ಹೆಮ್ಮೆಯ ಪಾಲೂ ಇತ್ತು.

ಊರಿಗೆ ಮರಳುವ ದಿನಗಳು

ವರ್ಷದಲ್ಲಿ ಕೆಲವು ಸಂದರ್ಭಗಳು ಮಾತ್ರ ಎಲ್ಲರನ್ನೂ ಊರಿಗೆ ಕರೆಯುತ್ತವೆ: ದೀಪಾವಳಿ, ಮದುವೆ, ಗ್ರಾಮದೇವತೆಯ ಸುಗ್ಗಿ. ಬೇಸಿಗೆಯ ಸುಗ್ಗಿಗೆ ಹೊರಗಿದ್ದವರೂ ಬಂದು ಸೇರುವುದು ಮೂಡಿಗೆರೆ, ಸಕಲೇಶಪುರ ಭಾಗದ ರೂಢಿ. ಆದರೆ ಅಡುಗೆಮನೆ ತುಂಬಿರುವ ಮಳೆಗಾಲದಲ್ಲಿ ದೀರ್ಘ ರಜೆ ಸಿಗುವುದಿಲ್ಲ. 2019ರ ಆಗಸ್ಟ್‌ನಂತೆ ಭೂಕುಸಿತವಾಗಿ ಚಾರ್ಮಾಡಿ ಘಾಟಿ ಮುಚ್ಚಿದರೆ, ಮಳೆ ರುಚಿಗಿಂತ ಭಯವನ್ನೇ ತರುತ್ತದೆ. ಕೊರೊನಾ ಕಾರಣದಿಂದ 2020ರಲ್ಲಿ ಮನೆಯಿಂದಲೇ ಕೆಲಸ ಮಾಡುವ ವ್ಯವಸ್ಥೆ ಬಂದಾಗ ಹಲವರು ವರ್ಷಗಳ ಬಳಿಕ ಒಂದು ಪೂರ್ತಿ ಮಳೆಗಾಲವನ್ನು ಊರಿನಲ್ಲಿ ಕಳೆದರು.

ವಿಪರ್ಯಾಸವೆಂದರೆ, ಇತ್ತ ಮಕ್ಕಳು ಬೆಂಗಳೂರಿನಲ್ಲಿ ಉತ್ತರ ಭಾರತದ ಊಟ ತರಿಸಿಕೊಳ್ಳುವ ಶನಿವಾರ, ಅತ್ತ ಬೆಂಗಳೂರಿನ ಪ್ರವಾಸಿಗರು ಈ ಭಾಗದ ಹೋಂಸ್ಟೇಗಳಲ್ಲಿ ಕಡುಬು-ಕೋಳಿ ಸಾರು ಉಣ್ಣುತ್ತಿರುತ್ತಾರೆ. ಹೋಂಸ್ಟೇಗಳಿಂದ ಮಹಿಳೆಯರ ಅಡುಗೆ ಕೌಶಲಕ್ಕೆ ಬೆಲೆ ಬಂದಿದೆ ಎಂಬುದು ನಿಜ. ಆದರೆ ಪ್ರವಾಸಿಗರು ಕೇಳುವ ಐದಾರು ತಿನಿಸುಗಳಷ್ಟೇ ಉಳಿದು, ಮಿಕ್ಕವು ಮರೆಯಾಗುವ ಅಪಾಯವೂ ಇದೆ.

ಗದ್ದೆ ಹೋದರೆ ಏಡಿಯೂ ಇಲ್ಲ

ನಿಜವಾದ ಆತಂಕ ಇರುವುದು ನೆಲದಲ್ಲಿ. ಕೂಲಿ ವೆಚ್ಚ ಏರಿಕೆ, ಕಾಡಾನೆ ಹಾವಳಿ, ಭತ್ತಕ್ಕೆ ಸಿಗದ ಬೆಲೆ ಇವುಗಳಿಂದಾಗಿ ಗದ್ದೆಗಳು ಪಾಳು ಬೀಳುತ್ತಿವೆ, ಇಲ್ಲವೇ ಕಾಫಿ, ಅಡಿಕೆ ತೋಟಗಳಾಗುತ್ತಿವೆ. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ಬದುವಿನ ಏಡಿಗೆ ನೆಲೆಯಿಲ್ಲ. ದುಡಿಯುವ ಕೈಗಳು ಕಡಿಮೆಯಾದಂತೆ ತೋಟಗಳಲ್ಲಿ ಕತ್ತಿಯ ಬದಲು ಕಳೆನಾಶಕ ಬಳಕೆಗೆ ಬಂದಿದೆ. ಅದು ಕಳೆಯೊಡನೆ ಸಾರಿಗೆ ಬೀಳುತ್ತಿದ್ದ ಸೊಪ್ಪನ್ನೂ ಸುಡುತ್ತದೆ. ಹುತ್ತದ ಅಣಬೆಯನ್ನು ಗೆದ್ದಲಿನ ನೆರವಿಲ್ಲದೆ ಬೆಳೆಸಲು ಬಾರದು. ಹುತ್ತ ಅಗೆದು ಸಮಗೊಳಿಸಿದಲ್ಲಿ ಅದು ಮುಗಿದಂತೆಯೇ.

ಊರಿನ ಕೆಲಸದ ಕೈಗಳು ನಗರಕ್ಕೆ ಹೋದದ್ದು ಇದಕ್ಕೆ ಒಂದು ಕಾರಣ. ಹಾಗೆಂದು ಹೋದವರನ್ನು ದೂಷಿಸುವುದು ನ್ಯಾಯವಲ್ಲ. ಲೈನ್ ಮನೆಯ ಮಕ್ಕಳಿಗೆ ನಗರದ ಸಂಬಳವೇ ತಲೆಮಾರುಗಳ ದುಡಿಮೆಯಿಂದ ಬಿಡುಗಡೆಯ ದಾರಿ. ಮಳೆಗಾಲದ ಸೊಪ್ಪು, ಏಡಿ ಅವರ ಮನೆಗಳಲ್ಲಿ ಎಷ್ಟೋ ಬಾರಿ ರುಚಿಗಾಗಿ ಅಲ್ಲ, ಕೂಲಿಯಿಲ್ಲದ ದಿನಗಳ ಅನಿವಾರ್ಯಕ್ಕಾಗಿ ಬೇಯುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆದರೂ ಕಲಿಕೆ ಕಷ್ಟವೇನಲ್ಲ. ಕಡುಬಿಗೆ ಬೇಕಾದದ್ದು ಅಕ್ಕಿ ತರಿ, ನೀರು, ಉಪ್ಪು ಮತ್ತು ಹಬೆ ಪಾತ್ರೆ. ಬೆಂಗಳೂರಿನ ಯಾವುದೇ ಅಡುಗೆಮನೆಯಲ್ಲಿ ಇದು ಸಾಧ್ಯ. ಕಳಲೆ ನೆನೆಸುವ, ಅಣಬೆ ಗುರುತಿಸುವ ವಿದ್ಯೆಗೆ ಮಾತ್ರ ಮಳೆಗಾಲದಲ್ಲಿ ಊರಿನಲ್ಲಿ ಕೆಲವು ದಿನವಾದರೂ ಇರಬೇಕು. ಅದನ್ನು ಬಲ್ಲವರು ಈಗ ಬಹುತೇಕ ಇಳಿವಯಸ್ಸಿನವರು.