ಇಳಿತದ ಗಳಿಗೆಗೆ ಇನ್ನೂರು ಕಿಲೋಮೀಟರ್

ಲಂಡನ್ನಿನ ಪಶ್ಚಿಮ ಭಾಗದಲ್ಲಿ, ಟೆಡಿಂಗ್ಟನ್ ಎಂಬಲ್ಲಿ ಥೇಮ್ಸ್ ನದಿಗೆ ಒಂದು ಅಡ್ಡಗಟ್ಟೆಯೂ ದೋಣಿಗಳನ್ನು ದಾಟಿಸುವ ಲಾಕ್‌ಗಳೂ ಇವೆ. ಅದರಿಂದ ಮೇಲಕ್ಕೆ ನದಿ ತನ್ನ ಪಾಡಿಗೆ ಹರಿಯುತ್ತದೆ. ಕೆಳಕ್ಕೆ ಅದು ಸಮುದ್ರ ಹೇಳಿದಂತೆ ಕೇಳುತ್ತದೆ. ದಿನಕ್ಕೆರಡು ಸಲ ಉಬ್ಬರ ಅಲ್ಲಿಯವರೆಗೆ ಬಂದು ಹಿಂದಿರುಗುತ್ತದೆ. ಪ್ರತಿ ವರ್ಷ ಈಸ್ಟರ್ ಭಾನುವಾರದ ಬೆಳಗಿನ ಹೊತ್ತು ಈ ಲಾಕ್ ಮುಟ್ಟುವ ಕಯಾಕ್ ಜೋಡಿಗಳು ಆಗಲೇ ಸುಮಾರು 174 ಕಿ.ಮೀ. ಹುಟ್ಟು ಹಾಕಿ ಬಂದಿರುತ್ತವೆ. ಉಳಿದಿರುವುದು 27 ಕಿ.ಮೀ. ನೀರು ಇಳಿಯುತ್ತಿದ್ದರೆ ದೋಣಿಯನ್ನು ಅದೇ ಎಳೆದುಕೊಂಡು ಹೋಗುತ್ತದೆ. ಗಳಿಗೆ ತಪ್ಪಿ ಬಂದವರು ರಾತ್ರಿಯಿಡೀ ಪಟ್ಟ ಪಾಡನ್ನು ನೆನೆಯುತ್ತ ದಡದಲ್ಲಿ ಕೂರಬೇಕು.

ಇದು ಡಿವೈಝಸ್–ವೆಸ್ಟ್‌ಮಿನ್‌ಸ್ಟರ್ ಕನೂ ರೇಸ್. ದೋಣಿಯವರ ಬಾಯಲ್ಲಿ ಬರೀ ಡಿ.ಡಬ್ಲ್ಯು. ವಿಲ್ಟ್‌ಶರ್ ಸೀಮೆಯ ಡಿವೈಝಸ್ ಪಟ್ಟಣದಲ್ಲಿ ಕಾಲುವೆಗಿಳಿದು, ಕೆನೆಟ್ ಆ್ಯಂಡ್ ಏವನ್ ಕಾಲುವೆಯಲ್ಲಿ 54 ಮೈಲಿ ಸಾಗಿ, ರೀಡಿಂಗ್‌ನಲ್ಲಿ ಥೇಮ್ಸ್ ಸೇರಿ, ಸಂಸತ್ ಭವನದ ಎದುರಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯಲ್ಲಿ ಮುಗಿಸಬೇಕು. ಒಟ್ಟು 125 ಮೈಲಿ, ಅಂದರೆ 201 ಕಿ.ಮೀ. ದಾರಿಯಲ್ಲಿ 77 ಕಡೆ ದೋಣಿಯನ್ನು ನೀರಿನಿಂದೆತ್ತಿ ಹೊತ್ತು ಓಡಬೇಕು. ಸೈನಿಕರು, ಶಾಲಾ ಮಕ್ಕಳು, ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರಿನ ಮುಂದೆ ಕೂರುವ ಹವ್ಯಾಸಿಗಳು ಎಲ್ಲರೂ ಇಲ್ಲಿ ಒಂದೇ ನೀರಿಗಿಳಿಯುತ್ತಾರೆ.

ಶುರುವಾದದ್ದು ಪಂದ್ಯ ಕಟ್ಟಿ. ಡಿವೈಝಸ್‌ನ ಸ್ಕೌಟ್ ಹುಡುಗರು 100 ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ಮುಟ್ಟಿದರೆ ಅವರ ನಿಧಿಗೆ 20 ಪೌಂಡ್ ಕೊಡುವುದಾಗಿ ಪಕ್ಕದ ಪ್ಯೂಸಿ ಊರಿನ ರಾಯ್ ಕುಕ್ ಎಂಬವರು ಸವಾಲೆಸೆದರು. 1948ರ ಈಸ್ಟರ್‌ನಲ್ಲಿ ನಾಲ್ವರು ಹುಡುಗರು ಹೊರಟರು. 1810ರಲ್ಲಿ ಸಂಚಾರಕ್ಕೆ ತೆರೆದಿದ್ದ ಆ ಕಾಲುವೆ ರೈಲು ಬಂದ ಮೇಲೆ ಕೇಳುವವರಿಲ್ಲದೆ ಜೊಂಡು ತುಂಬಿ ಪಾಳುಬಿದ್ದಿತ್ತು. ಆದರೂ ಹುಡುಗರು 89 ಗಂಟೆ 50 ನಿಮಿಷಕ್ಕೆ ಲಂಡನ್ ತಲುಪಿ ಹಣ ಗೆದ್ದರು. 1950ರ ಹೊತ್ತಿಗೆ ಅದು ಕ್ರಮಬದ್ಧ ಸ್ಪರ್ಧೆಯಾಗಿತ್ತು. 1979ರಲ್ಲಿ ಬ್ರಯನ್ ಗ್ರೀನ್‌ಹ್ಯಾಮ್ ಮತ್ತು ಟಿಮ್ ಕಾರ್ನಿಷ್ ಜೋಡಿ 15 ಗಂಟೆ 34 ನಿಮಿಷದಲ್ಲಿ ಮುಗಿಸಿ ಇಟ್ಟ ದಾಖಲೆ ದಶಕಗಟ್ಟಲೆ ಅಲುಗಲಿಲ್ಲ. ದೋಣಿ ಹೊತ್ತು ಓಡಿದ ಹೊತ್ತೂ ಸೇರಿ ಗಂಟೆಗೆ ಹತ್ತಿರ ಹತ್ತಿರ 13 ಕಿ.ಮೀ. ವೇಗ ಅದು. ಹವ್ಯಾಸಿಗಳು ಆ ಲೆಕ್ಕವನ್ನು ಓದಿ ಸಂತೋಷಪಟ್ಟು ಬದಿಗಿಟ್ಟುಬಿಡಬೇಕು. ಮೊದಲ ಸಲ ಬರುವ ಜೋಡಿ 24 ಗಂಟೆಯ ಆಸುಪಾಸಿನಲ್ಲಿ ಮುಗಿಸಿದರೆ ಮನೆಮಂದಿಗೆಲ್ಲ ಹೇಳಿಕೊಳ್ಳಬಹುದು.

ಕರಾವಳಿಯವರಿಗೆ ಈ ಸ್ಪರ್ಧೆಯ ಒಳಮರ್ಮ ಬೇಗ ಹತ್ತುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಜೋರು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಈಸ್ಟರ್ ಕೂಡ ಚಂದ್ರನನ್ನೇ ನೋಡಿ ನಿಗದಿಯಾಗುವ ಹಬ್ಬ: ಮಾರ್ಚ್ 21 ಅಥವಾ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ. ಹುಣ್ಣಿಮೆಗೂ ಆ ಭಾನುವಾರಕ್ಕೂ ನಡುವೆ ಒಂದು ದಿನವೂ ಇರಬಹುದು, ಒಂದು ವಾರವೂ ಇರಬಹುದು. ಉಬ್ಬರವೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಟೆಡಿಂಗ್ಟನ್ನಿನಲ್ಲಿ ನೀರು ಇಳಿಯಲು ಶುರುವಾಗುವ ಗಂಟೆ ವರ್ಷ ವರ್ಷಕ್ಕೂ ಬೇರೆ. ಸಾಲದ್ದಕ್ಕೆ ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. 2024ರಲ್ಲಿ ಈಸ್ಟರ್ ಅದೇ ದಿನ ಬಿತ್ತು. ಮಂಗಳೂರಿನಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಎರಡು ಮೀಟರಿನೊಳಗೆ. ಲಂಡನ್ ಸೇತುವೆಯ ಬಳಿ ದೊಡ್ಡ ಉಬ್ಬರಕ್ಕೆ ಏಳು ಮೀಟರಿನ ಹತ್ತಿರ ಹೋಗುತ್ತದೆ. ಅಷ್ಟು ನೀರಿಗೆ ಎದುರಾಗಿ ಯಾವ ರಟ್ಟೆಯೂ ನಿಲ್ಲದು.

ಆದ್ದರಿಂದ ಎಲ್ಲ ಲೆಕ್ಕವನ್ನೂ ಹಿಂದುಮುಂದಾಗಿಯೇ ಹಾಕಬೇಕು. ಟೆಡಿಂಗ್ಟನ್ನಿನ ಇಳಿತ ಯಾವಾಗ ಎಂದು ನೋಡಿ, ಅಲ್ಲಿಂದ ತಮ್ಮ ವೇಗಕ್ಕೆ ತಕ್ಕಷ್ಟು ಗಂಟೆ ಕಳೆದು, ಶನಿವಾರ ಡಿವೈಝಸ್ ಬಿಡುವ ಸಮಯವನ್ನು ಜೋಡಿಗಳೇ ಆರಿಸಿಕೊಳ್ಳುತ್ತವೆ. ನಿಧಾನದವರು ಬೆಳಿಗ್ಗೆ ಹೊರಡುತ್ತಾರೆ, ಹುಲಿಗಳು ಮಧ್ಯಾಹ್ನ ಊಟ ಮಾಡಿ ಹೊರಡುತ್ತಾರೆ. ತಮ್ಮ ನಿಜವಾದ ವೇಗ ಎಷ್ಟೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳದವರಿಗೆ ಇದು ಹೇಳಿದ ಸ್ಪರ್ಧೆಯಲ್ಲ. ಸಂಜೆ ಮಾತಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ಎಂದು ಕೊಚ್ಚಿಕೊಂಡದ್ದು ಟೆಡಿಂಗ್ಟನ್ನಿನಲ್ಲಿ ಬಯಲಾಗುತ್ತದೆ. ಕರ್ನಾಟಕದಿಂದ ಹೋಗುವವರ ಲೆಕ್ಕ ಇನ್ನೂ ಹಿಂದಕ್ಕೆ, ವೀಸಾ ಅರ್ಜಿಯವರೆಗೆ, ಅದಕ್ಕೂ ಹಿಂದಿನ ಮಳೆಗಾಲದವರೆಗೆ ಹೋಗಬೇಕು.

ಮಳೆಗಾಲದ ಹೆಸರು ಬಂದದ್ದು ಸುಮ್ಮನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೊಳೆಗಳಿಗೆ ಇಳಿಯುವ ಹಾಗಿಲ್ಲ. ಕೆಂಪು ನೀರು ಇಳಿದು ಹೊಳೆ ತಿಳಿಯಾಗುವ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳೇ ತರಬೇತಿಗೆ ಸಿಗುವ ಕಾಲ. ಅದೃಷ್ಟವೆಂದರೆ ಈಸ್ಟರ್ ಅದರ ತುದಿಗೆ ಬರುತ್ತದೆ. ಇಂಗ್ಲೆಂಡಿನವರು ಇದೇ ತಿಂಗಳುಗಳಲ್ಲಿ ಕೈ ಮರಗಟ್ಟುವ ಚಳಿಯಲ್ಲಿ ಅಭ್ಯಾಸ ಮಾಡುತ್ತಾರೆ. ಮೂಲ್ಕಿಯ ಶಾಂಭವಿಯಲ್ಲೋ ಸಾಲಿಗ್ರಾಮದ ಬಳಿಯ ಸೀತಾ ಹೊಳೆಯಲ್ಲೋ ಬೆಳಗಿನ ಐದೂವರೆಗೆ ಇಳಿಯುವವರಿಗೆ ಆ ಕಷ್ಟವಿಲ್ಲ. ಆ ಕಷ್ಟವಿಲ್ಲದಿರುವುದೇ ಮುಂದೆ ಒಂದು ಕಷ್ಟವಾಗುತ್ತದೆ, ಇರಲಿ.

ದೊಡ್ಡ ಕೊರತೆ ದೋಣಿಯದು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಅಗಲವಾದ ಪ್ಲಾಸ್ಟಿಕ್ ಕಯಾಕ್‌ನಲ್ಲಿ ಮಗು ನಿಂತರೂ ಮಗುಚುವುದಿಲ್ಲ. ರೇಸಿನ ಕಯಾಕ್ ಬೇರೆಯೇ ಜಾತಿ. ಒಬ್ಬರ ಕೆ-1 ದೋಣಿ 5.2 ಮೀಟರ್ ಉದ್ದ, ಇಬ್ಬರ ಕೆ-2 ದೋಣಿ 6.5 ಮೀಟರ್, ಅಗಲ ನೀರಿನ ಮಟ್ಟದಲ್ಲಿ ಒಂದು ಮೊಳಕ್ಕೂ ಕಡಿಮೆ. ಮ್ಯಾರಥಾನ್ ನಿಯಮದ ಪ್ರಕಾರ ಕೆ-1 ದೋಣಿ ಎಂಟು ಕೆ.ಜಿ.ಗಿಂತ ಹಗುರ ಇರಬಾರದು. ಅಂದರೆ ಅಷ್ಟು ಹಗುರ ಮಾಡಬಲ್ಲರು ಎಂದರ್ಥ. ಮೊದಲ ದಿನ ಕೂತವರು ದಡ ಬಿಡುವ ಮುನ್ನವೇ ನೀರಿಗೆ ಬೀಳುತ್ತಾರೆ, ಎರಡನೇ ದಿನ ದಡ ಬಿಟ್ಟು ಬೀಳುತ್ತಾರೆ. ಬೀಳುವುದು ನಿಲ್ಲುವುದಕ್ಕೆ ವಾರಗಳು ಬೇಕು. ಇಲ್ಲಿ ಅಂಥ ದೋಣಿ ಸಿಗುವುದು ಕಷ್ಟವಾದ್ದರಿಂದ ಸಮುದ್ರಕ್ಕೆಂದು ಮಾಡಿದ ಸರ್ಫ್‌ಸ್ಕೀ ಎಂಬ ಕಯಾಕ್‌ನಲ್ಲಿ ಕಲಿಯುವುದು ಒಂದು ರಾಜಿ ದಾರಿ. ಬೆಂಗಳೂರಿನವರ ಪಾಡು ಇನ್ನೂ ಬೇರೆ: ವಾರವಿಡೀ ಯಂತ್ರದ ಮೇಲೆ ಕೂತು ಎಳೆದು, ಶುಕ್ರವಾರ ರಾತ್ರಿ ಕರಾವಳಿಯ ಬಸ್ಸು ಹತ್ತುವುದು.

ನಮ್ಮ ಅಂಬಿಗರು ಹುಟ್ಟು ಹಾಕುವುದನ್ನು ನೋಡಿ ಬೆಳೆದವರು ಈ ಎಳೆತವನ್ನು ಹೊಸದಾಗಿಯೇ ಕಲಿಯಬೇಕು. ಹುಟ್ಟಿನ ಅಲಗು ಕಾಲ್ಬೆರಳಿನ ಪಕ್ಕದಲ್ಲಿ ಪೂರ್ತಿ ಮುಳುಗಬೇಕು. ಮುಳುಗಿದ ಮರುಕ್ಷಣ ಅದೇ ಕಡೆಯ ಪಾದ ಅಡ್ಡಪಟ್ಟಿಯನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಬೆನ್ನು ತಿರುಗುತ್ತದೆ. ತೋಳು ಬರೀ ಕೊಂಡಿ. ರೇಸಿನ ಹುಟ್ಟಿನ ಅಲಗು ಹಕ್ಕಿಯ ರೆಕ್ಕೆಯಂತೆ ಒಳಕ್ಕೆ ಬಾಗಿರುವುದರಿಂದ ಅದು ನೇರ ಹಿಂದಕ್ಕೆ ಬರದೆ ತುಸು ಹೊರಕ್ಕೆ ಸರಿಯುತ್ತದೆ. ಅದನ್ನು ತಡೆಯದೆ ಹೋಗಗೊಡಬೇಕು. ಸೊಂಟ ದಾಟುವ ಮುನ್ನ ಅಲಗು ಹೊರಗೆ. ತೋಳಿನಿಂದ ಎಳೆಯುವವರು ಎರಡು ಗಂಟೆ ಚೆನ್ನಾಗಿ ಹೋಗುತ್ತಾರೆ. ನಿಮಿಷಕ್ಕೆ ಅರವತ್ತು ಎಳೆತವೆಂದರೂ ಇಪ್ಪತ್ತು ಗಂಟೆಗೆ 72,000 ಆಯಿತು. ಹುಟ್ಟನ್ನು ಬಿಗಿಯಾಗಿ ಹಿಡಿದವರ ಮಣಿಕಟ್ಟು ಬಾತು, ಬೆರಳು ಮಡಚಿದರೆ ಕಿರ್ರೆನ್ನುವ ಸ್ಥಿತಿಗೆ ಬರುವುದು ಸಾಮಾನ್ಯ. ಬೆರಳುಗಳ ನಡುವೆ ಗಾಳಿಯಾಡುವಷ್ಟು ಸಡಿಲ ಹಿಡಿತವನ್ನು ಕಲಿಯುವುದೇ ಆರು ತಿಂಗಳ ತರಬೇತಿಯ ಅರ್ಧ.

ಇನ್ನರ್ಧ ದೋಣಿ ಹೊರುವುದರಲ್ಲಿದೆ. ಕಾಲುವೆಯ ಲಾಕ್ ಕಣ್ಣಿಗೆ ಬಿದ್ದೊಡನೆ ಮುಂದಿನವನು ಯಾವ ಕಡೆಗೆಂದು ಕೂಗುತ್ತಾನೆ. ದೋಣಿ ಕಟ್ಟೆಗೆ ತಾಗುವಷ್ಟರಲ್ಲಿ ಪಾದಗಳು ಪಟ್ಟಿಯಿಂದ ಬಿಡುಗಡೆಯಾಗಿರಬೇಕು. ಒಬ್ಬ ಕಟ್ಟೆಗೆ ಹುಟ್ಟನ್ನೂರಿ ದೋಣಿ ಅಲುಗದಂತೆ ಹಿಡಿದಾಗ ಇನ್ನೊಬ್ಬ ಒಂದೇ ಏಟಿಗೆ ಮೇಲೆದ್ದು ದಡದಲ್ಲಿರುತ್ತಾನೆ. ಮತ್ತೆ ಅದಲುಬದಲು. ದೋಣಿಯನ್ನು ಮಗುಚಿ ನೀರು ಚೆಲ್ಲಿ, ಹೆಗಲಿಗೇರಿಸಿ, ಮಂಜಿನಲ್ಲಿ ಜಾರುವ ಹುಲ್ಲಿನ ಮೇಲೆ ಓಟ. ತಿರುಗಿ ಇಳಿಸುವಾಗ ಚುಕ್ಕಾಣಿ ಕಲ್ಲಿಗೆ ತಗುಲಿ ಬಾಗಿತೋ, ಮುಂದಿನ ಹತ್ತು ಮೈಲಿ ದೋಣಿ ಏಡಿಯ ಹಾಗೆ ಅಡ್ಡ ನಡೆಯುತ್ತದೆ. ಒಂದೊಂದು ಕಡೆ ಒಂದೊಂದು ನಿಮಿಷ ಉಳಿಸಿದರೆ 77 ಕಡೆಗೆ ಒಂದೂಕಾಲು ಗಂಟೆ ಉಳಿಯಿತು. ಅಷ್ಟನ್ನು ಹುಟ್ಟಿನಿಂದ ಗಳಿಸಲು ಎರಡು ವರ್ಷದ ತರಬೇತಿಯೂ ಸಾಲದು.

ಈ ಅಭ್ಯಾಸಕ್ಕೆ ಉಡುಪಿ, ದಕ್ಷಿಣ ಕನ್ನಡದ ಕಿಂಡಿ ಅಣೆಕಟ್ಟುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸಿದಾಗ ಹೊಳೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಮೇಲಿನ ನೀರಿನಿಂದ ದೋಣಿ ಎತ್ತಿ, ದಡದ ತೋಟದ ಬದುವಿನಲ್ಲಿ ನಡೆದು, ಕೆಳಗಿನ ನೀರಿಗಿಳಿಸಬೇಕು. ತೋಟದವರನ್ನು ಮೊದಲೇ ಕೇಳಿಕೊಂಡಿರಬೇಕು ಅಷ್ಟೆ. ಹಲಗೆ ಹಾಕದ, ನೀರು ಕಿಂಡಿಯಲ್ಲಿ ನುಗ್ಗುವ ಕಾಲದಲ್ಲಿ ಮಾತ್ರ ಹತ್ತಿರ ಸುಳಿಯಬಾರದು. ಅಲ್ಲಿ ಸಿಕ್ಕಿಕೊಂಡರೆ ಬಿಡಿಸುವವರಿಲ್ಲ.

ಇನ್ನು ಪ್ರಯಾಣ. ಆರೂವರೆ ಮೀಟರ್ ದೋಣಿಯನ್ನು ವಿಮಾನದಲ್ಲಿ ಒಯ್ಯುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಅಲ್ಲಿನ ಕ್ಲಬ್ಬುಗಳ ಜೊತೆ ತಿಂಗಳುಗಳ ಮೊದಲೇ ಮಾತಾಡಿ ದೋಣಿ ಬಾಡಿಗೆಗೋ ಎರವಲಿಗೋ ಪಡೆಯಬೇಕು. ಒಯ್ಯಬೇಕಾದದ್ದು ಎರಡು ತುಂಡಾಗುವ ತಮ್ಮದೇ ಹುಟ್ಟು ಮತ್ತು ಕೂತು ಕೂತು ಹೊಂದಿಕೊಂಡ ಸೀಟು. ಹುಟ್ಟನ್ನು ಬದಲಿಸಿದರೆ ಮಣಿಕಟ್ಟು ಕ್ಷಮಿಸದು, ಸೀಟು ಬದಲಿಸಿದರೆ ಹೇಳಿಕೊಳ್ಳಲಾಗದ ಜಾಗದ ಚರ್ಮ ಕ್ಷಮಿಸದು. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಹವ್ಯಾಸಿಗಳು ಕ್ರೀಡಾಸ್ಪರ್ಧೆಯಲ್ಲಿ ಭಾಗವಹಿಸಬಹುದು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವ ಹಾಗಿಲ್ಲವಾದ್ದರಿಂದ ಸ್ಪರ್ಧೆಯ ಪ್ರವೇಶಪತ್ರ, ರಜೆಯ ಚೀಟಿ, ಬ್ಯಾಂಕಿನ ಕಾಗದಗಳನ್ನು ಹೊಸ ವರ್ಷಕ್ಕೇ ಸಿದ್ಧವಿಟ್ಟುಕೊಳ್ಳಬೇಕು. ವಿಮೆಯ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬೇಕು. ಎಷ್ಟೋ ಪ್ರವಾಸಿ ವಿಮೆಗಳು ರೇಸ್ ಎಂಬ ಮಾತು ಕಂಡೊಡನೆ ಕೈತೊಳೆದುಕೊಳ್ಳುತ್ತವೆ.

ಖರ್ಚು ಉಳಿಸಲು ಎರಡು ದಿನ ಮೊದಲು ಇಳಿದರೆ ಸಾಕು ಎನ್ನುವುದು ಪಕ್ಕಾ ತಪ್ಪು ಲೆಕ್ಕ. ಏಪ್ರಿಲ್ ಮೊದಲ ವಾರದ ಥೇಮ್ಸ್ ನೀರು 10 ಡಿಗ್ರಿ ಆಸುಪಾಸು, ರಾತ್ರಿಯ ಗಾಳಿ ಇನ್ನೂ ತಣ್ಣಗೆ. ಆ ನೀರಿಗೆ ಬಿದ್ದಾಗ ಮೊದಲು ಹೋಗುವುದು ಉಸಿರು: ತಾನಾಗಿಯೇ ಬಾಯಿ ತೆರೆದು ಏದುಸಿರು ಬರುತ್ತದೆ, ಒಂದೆರಡು ನಿಮಿಷ ಅದು ಹತೋಟಿಗೆ ಸಿಗುವುದಿಲ್ಲ. ಶಾಂಭವಿಯಲ್ಲಿ ನೂರು ಸಲ ಬಿದ್ದೆದ್ದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಎರಡು ವಾರ ಮುಂಚಿತವಾಗಿ ಹೋಗಿ, ತೇಲುಕವಚ ತೊಟ್ಟು, ಜೊತೆಗೆ ಜನರನ್ನಿಟ್ಟುಕೊಂಡು, ಬೇಕೆಂದೇ ಬಿದ್ದು ಕಲಿಯಬೇಕು. ಹುಟ್ಟಿಗೆ ಸುತ್ತಿ ಒಳಗೆ ಕೈ ತೂರಿಸುವ ಬಟ್ಟೆಯ ಚೀಲಗಳು ಅಲ್ಲಿ ಸಿಗುತ್ತವೆ. ಕೈಗವಸಿಗಿಂತ ಅವೇ ವಾಸಿ.

ಒಂದೇ ಉಸಿರಿಗೆ ಮುಗಿಸುವ ಜೋಡಿ ರೇಸಿನ ಜೊತೆಗೆ, ಶುಭ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ಹಂತಗಳ ರೇಸೂ ಇದೆ: ಮೊದಲ ದಿನ ನ್ಯೂಬರಿಗೆ 34 ಮೈಲಿ, ಮಾರ್ಲೋಗೆ 36, ಹ್ಯಾಮ್‌ಗೆ 38, ಕೊನೆಗೆ 17. ಒಬ್ಬಂಟಿ ಕಯಾಕಿನವರಿಗೆ ಇರುವುದೇ ಇದು. ಪರದೇಶದಿಂದ ಎರವಲು ದೋಣಿಯಲ್ಲಿ ಮೊದಲ ಸಲ ಬರುವವರಿಗೆ ಇದೇ ತಕ್ಕದ್ದು ಎಂದು ಯಾರಾದರೂ ಹೇಳುತ್ತಾರೆ. ರಾತ್ರಿಯ ರೇಸಿನ ಹುಚ್ಚು ಹಿಡಿದವರು ಅದನ್ನು ಕೇಳುವುದಿಲ್ಲ.

ಕೇಳದವರಿಗೆ ದಡದ ಮೇಲೆ ಜನ ಬೇಕು, ಅದೂ ಎರಡು ಕಾರು ತುಂಬ. ಗಂಟೆಗೊಮ್ಮೆ ಯಾವುದೋ ಲಾಕಿನ ಬಳಿ ಕತ್ತಲಲ್ಲಿ ಟಾರ್ಚ್ ಹಿಡಿದು ಕಾದು, ಓಡುವವರ ಜೊತೆ ತಾವೂ ಓಡುತ್ತ ಬಾಯಿಗೆ ತುತ್ತಿಡಬೇಕು. ಮರಗಟ್ಟಿದ ಬೆರಳಿಗೆ ಚಾಕೊಲೇಟಿನ ಕಾಗದ ಬಿಡಿಸಲೂ ಬಾರದು. ರೀಡಿಂಗ್, ಸ್ಲೌ ಊರುಗಳಲ್ಲಿ ಅಕ್ಕ-ಭಾವನೋ ಜೊತೆಗೆ ಓದಿದ ಗೆಳೆಯನೋ ಇದ್ದರೆ ನೆಂಟಸ್ತಿಕೆಯನ್ನು ನೆನಪಿಸಿಕೊಳ್ಳಲು ಇದು ಸುಸಮಯ. ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವ ದೇಶವಾದ್ದರಿಂದ ಇಲ್ಲಿಂದ ಹೋದವರೂ ಕಾರು ಹಿಡಿಯಬಹುದು. ಇಂಗ್ಲಿಷರು ಹಾಲಿನ ಅಕ್ಕಿ ಪಾಯಸ ತಿನ್ನಿಸುತ್ತಾರೆ. ಉಪ್ಪು ಬಿದ್ದ ತೆಳ್ಳಗಿನ ಕುಚ್ಚಲಕ್ಕಿ ಗಂಜಿ ಫ್ಲಾಸ್ಕಿನಲ್ಲಿದ್ದರೆ ಅಕ್ಕಿ, ಉಪ್ಪು, ನೀರು, ಬಿಸಿ ನಾಲ್ಕೂ ಒಂದೇ ಗುಟುಕಿಗೆ ಒಳಗೆ ಹೋಗುತ್ತವೆ.

ರೀಡಿಂಗ್ ದಾಟಿದ ಮೇಲೆ ಥೇಮ್ಸ್‌ನ 20 ಲಾಕ್‌ಗಳು, ಹೆನ್ಲಿ, ಮಾರ್ಲೋ, ವಿಂಡ್ಸರ್ ಕತ್ತಲಲ್ಲೇ ಹಿಂದಾಗುತ್ತವೆ. ಟೆಡಿಂಗ್ಟನ್ನಿನ ಕೆಳಗೆ ಬೆಳಕಾದಂತೆ ಸೇತುವೆಗಳು ಒತ್ತೊತ್ತಾಗಿ ಬರುತ್ತವೆ, ಅಲೆಗಳು ಎರಡೂ ದಡದ ಕಲ್ಲುಗೋಡೆಗೆ ಬಡಿದು ತಿರುಗಿ ಬಂದು ದೋಣಿಯನ್ನು ಹೊಯ್ದಾಡಿಸುತ್ತವೆ. ಇಲ್ಲಿ ಬಿದ್ದವರು ಬಹಳ. ವಾಕ್ಸ್‌ಹಾಲ್ ಸೇತುವೆ ಕಳೆದ ಮೇಲೆ ಬಲದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟದಲ್ಲಿ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅದನ್ನು ನೋಡಲು ತಲೆ ತಿರುಗಿಸುವ ಆಸೆಯನ್ನು ಅದುಮಿಟ್ಟುಕೊಳ್ಳಬೇಕು. ಮುಂದೆ ಲ್ಯಾಂಬೆತ್ ಸೇತುವೆ, ಅದರಾಚೆ ವೆಸ್ಟ್‌ಮಿನ್‌ಸ್ಟರ್. ಕಾಯುತ್ತಿರುವ ಗೆಳೆಯರಿಗೆ ಮಾತ್ರ ಪ್ರತಿಮೆಯ ಬುಡಕ್ಕಿಂತ ಒಳ್ಳೆಯ ಗುರುತು ಬೇರೆ ಬೇಕಿಲ್ಲ.

ಸೇತುವೆಯ ಕೆಳಗೆ ಮೆಟ್ಟಿಲ ಬಳಿ ದೋಣಿ ಎತ್ತಿದ ಮೇಲೂ ಕೆಲಸ ಉಳಿದಿರುತ್ತದೆ. ಎರವಲು ದೋಣಿಯನ್ನು ತೊಳೆದು, ಬಾಗಿದ ಚುಕ್ಕಾಣಿಗೆ ದುಡ್ಡು ತೆತ್ತು ಹಿಂದಿರುಗಿಸಬೇಕು. ಅಂಗೈ ಗುಳ್ಳೆಗಳನ್ನು ತೊಳೆದು ಕಟ್ಟಬೇಕು. ಆ ಕಾಲುವೆ, ನದಿಗಳ ನೀರಿನಲ್ಲಿ ಮಲೆನಾಡಿನವರಿಗೂ ಕರಾವಳಿಯವರಿಗೂ ಚೆನ್ನಾಗಿ ಗೊತ್ತಿರುವ ಇಲಿಜ್ವರದ ಭಯ ಇದ್ದೇ ಇದೆ. ಗಾಯದ ಕೈಗೂ ಬಾಯಿಗೂ ಆ ನೀರು ಹೋಗಿರಬಹುದು. ಊರಿಗೆ ಬಂದು ಮೂರ್ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು ಕಾಣಿಸಿಕೊಂಡರೆ ಪ್ರಯಾಣದ ಆಯಾಸವೆಂದು ಮಲಗದೆ ವೈದ್ಯರ ಬಳಿ ಹೋಗಬೇಕು, ಥೇಮ್ಸ್ ನೀರು ಕುಡಿದು ಬಂದಿದ್ದೇನೆಂದು ಮೊದಲೇ ಹೇಳಬೇಕು.