ಒಕ್ಕೂಟಗಳ ನಡುವೆ ಒಂದು ಕಾಲೇಜು ತಂಡ: ಐಡಾಹೋ ವಿಶ್ವವಿದ್ಯಾನಿಲಯದ ಫುಟ್‌ಬಾಲಿನ ಇತಿಹಾಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಭಾಗದಲ್ಲಿ ಪಲೂಸ್ ಎಂಬ ಸೀಮೆಯುಂಟು. ಅಲೆಯಲೆಯಾಗಿ ಹಬ್ಬಿದ ದಿಣ್ಣೆಗಳ ಮೇಲೆ ಗೋಧಿ ಬೆಳೆಯುವ ಈ ಸೀಮೆಯಲ್ಲಿ ಎಂಟು ಮೈಲಿಗಳ ಅಂತರದಲ್ಲಿ ಎರಡು ವಿಶ್ವವಿದ್ಯಾನಿಲಯಗಳಿವೆ. ಗಡಿಯ ಪೂರ್ವಕ್ಕೆ ಐಡಾಹೋ ಸಂಸ್ಥಾನದ ಮಾಸ್ಕೋ ಪಟ್ಟಣದಲ್ಲಿ ೧೮೮೯ರಲ್ಲಿ ಸ್ಥಾಪಿತವಾದ ಐಡಾಹೋ ವಿಶ್ವವಿದ್ಯಾನಿಲಯ. ಪಶ್ಚಿಮಕ್ಕೆ ವಾಷಿಂಗ್ಟನ್ ಸಂಸ್ಥಾನದ ಪುಲ್‌ಮನ್ ಪಟ್ಟಣದಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯ. ಇವೆರಡರ ಫುಟ್‌ಬಾಲ್ ತಂಡಗಳು ಬಹುಕಾಲ ಒಂದೇ ಒಕ್ಕೂಟದಲ್ಲಿ ಆಡುತ್ತಿದ್ದವು. ೧೯೫೯ರಲ್ಲಿ ಆ ಒಕ್ಕೂಟವು ಒಡೆದಾಗ ಮಾಸ್ಕೋದ ತಂಡವು ಶಾಶ್ವತವಾಗಿ ಹೊರಗುಳಿಯಿತು. ೬೪ ವರ್ಷಗಳ ತರುವಾಯ, ೨೦೨೩ರಲ್ಲಿ, ಪುಲ್‌ಮನ್ನಿನ ತಂಡಕ್ಕೂ ಅದೇ ಗತಿ ಒದಗಿತು. ಈ ಎರಡು ಘಟನೆಗಳ ನಡುವೆ ಐಡಾಹೋ ತಂಡವು ಪಟ್ಟ ಪಾಡನ್ನೂ ಅದಕ್ಕೆ ಕಾರಣಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಕಾಲೇಜು ಹುಡುಗರ ಆಟವು ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಗೆ ತಕ್ಕ ವಸ್ತುವೇ ಎಂದು ಕೆಲವರು ಶಂಕಿಸಬಹುದು. ನಮ್ಮಲ್ಲಿಯೂ ಅಂತರ ಕಾಲೇಜು ಪಂದ್ಯಗಳು ನಡೆಯುತ್ತವೆ; ಆದರೆ ಅವುಗಳ ಸೋಲು ಗೆಲುವುಗಳಿಂದ ವಿಶ್ವವಿದ್ಯಾನಿಲಯದ ಆಯವ್ಯಯ ಪತ್ರದ ಅಂಕಿಗಳು ಏರುಪೇರಾಗುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವೂ ಅಲ್ಲ. ರಗ್ಬಿಯಿಂದ ಹುಟ್ಟಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡಹುವ ಒರಟು ಆಟ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ನೋಡಲು ಲಕ್ಷದಷ್ಟು ಜನ ಹಣ ಕೊಟ್ಟು ಸೇರುತ್ತಾರೆ. ಯಾರು ಯಾರೊಡನೆ ಪ್ರತಿವರ್ಷ ಆಡಬೇಕು, ಬಂದ ಹಣವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವ ಸಂಘಕ್ಕೆ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ಇದನ್ನು ಸಮ್ಮೇಳನ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ, ಒಕ್ಕೂಟವೆಂದರೆ ಸರಿಯಾದೀತು. ಮೊದಲ ಪ್ರಮುಖ ಒಕ್ಕೂಟದ ಬೀಜವು ೧೮೯೫ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ಏಳು ವಿಶ್ವವಿದ್ಯಾನಿಲಯಗಳ ಅಧ್ಯಕ್ಷರ ಸಭೆಯಲ್ಲಿದೆ. ಆಟದಲ್ಲಿ ಕೂಲಿ ಆಟಗಾರರು ನುಗ್ಗದಂತೆ ತಡೆಯುವುದು, ವಿದ್ಯಾರ್ಥಿಯೇ ಆಟಗಾರನಾಗಿರುವಂತೆ ನೋಡಿಕೊಳ್ಳುವುದು ಆಗಿನ ಧ್ಯೇಯ. ಆ ಧ್ಯೇಯಕ್ಕೆ ಮುಂದೆ ಏನಾಯಿತೆಂಬುದನ್ನು ಐಡಾಹೋದ ಕಥೆಯಿಂದಲೇ ಕಾಣಬಹುದು.

ಪಶ್ಚಿಮ ತೀರದ ಪೆಸಿಫಿಕ್ ಕೋಸ್ಟ್ ಒಕ್ಕೂಟವು ೧೯೧೫ರಲ್ಲಿ ಸ್ಥಾಪಿತವಾಯಿತು. ಐಡಾಹೋ ೧೯೨೨ರಲ್ಲಿ ಅದನ್ನು ಸೇರಿತು. ಅದೇ ವರ್ಷ ಸೇರಿದ ಮತ್ತೊಂದು ಸಂಸ್ಥೆಯೆಂದರೆ ಲಾಸ್ ಏಂಜಲ್ಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ. ಒಂದೇ ಬಾಗಿಲಿನಿಂದ ಒಂದೇ ವರ್ಷ ಒಳಬಂದ ಇವೆರಡರ ಅಂತಸ್ತಿನ ಅಂತರವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಯಿತು. ಒಂದರ ಹಿಂದೆ ಮಹಾನಗರ, ಇನ್ನೊಂದರ ಹಿಂದೆ ಗೋಧಿಯ ಹೊಲ. ಫುಟ್‌ಬಾಲಿನಲ್ಲಿ ಐಡಾಹೋ ಆ ಒಕ್ಕೂಟದ ಪ್ರಶಸ್ತಿಯನ್ನು ಎಂದೂ ಗೆಲ್ಲಲಿಲ್ಲ. ಆದರೂ ನೆರೆಯವರೊಡನೆ ಆಡುವ ಪಂದ್ಯವೇ ಆ ಸೀಮೆಗೆ ಜಾತ್ರೆಯಂತಿತ್ತು. ಸೋತ ಕಾಲೇಜಿನ ವಿದ್ಯಾರ್ಥಿಗಳು ಗೆದ್ದ ಕಾಲೇಜಿಗೆ ನಡೆದುಕೊಂಡು ಹೋಗಬೇಕೆಂಬ ಪದ್ಧತಿಯೊಂದು ೧೯೩೮ರಿಂದ ಬೆಳೆದುಬಂದಿತು. ಹಲವು ವರ್ಷ ನಡೆದವರು ಮಾಸ್ಕೋದವರೇ. ೧೯೫೪ರಲ್ಲಿ ಐಡಾಹೋ ೧೦–೦ ಅಂಕಗಳಿಂದ ಗೆದ್ದಿತು. ೧೯೨೫ರ ಅನಂತರ ಅದು ಮೊದಲ ಗೆಲುವು. ಆ ಸಲ ಪುಲ್‌ಮನ್ನಿನ ವಿದ್ಯಾರ್ಥಿಗಳು ದೊಡ್ಡ ಮೆರವಣಿಗೆಯಾಗಿ ಪೂರ್ವಕ್ಕೆ ಎಂಟು ಮೈಲಿ ನಡೆದರು.

ಎರಡು ವರ್ಷಗಳಲ್ಲಿ ಒಕ್ಕೂಟದ ಬುಡವೇ ಅಲುಗಿತು. ೧೯೫೬ರಲ್ಲಿ ಕೆಲವು ಸದಸ್ಯ ಸಂಸ್ಥೆಗಳ ಅಭಿಮಾನಿಗಳು ಗುಪ್ತನಿಧಿಗಳಿಂದ ಆಟಗಾರರಿಗೆ ನಿಯಮಬಾಹಿರವಾಗಿ ಹಣ ಕೊಡುತ್ತಿದ್ದುದು ಬಯಲಾಯಿತು. ದಂಡನೆಗೆ ಗುರಿಯಾದವು ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಲಾಸ್ ಏಂಜಲ್ಸಿನ ಯು.ಸಿ.ಎಲ್.ಎ. ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳು. ಪರಸ್ಪರ ದೋಷಾರೋಪಣೆಗಳಲ್ಲಿ ಬೆಂದ ಒಕ್ಕೂಟವು ೧೯೫೯ರಲ್ಲಿ ವಿಸರ್ಜನೆಗೊಂಡಿತು. ಹೊಸ ಒಕ್ಕೂಟವನ್ನು ಕಟ್ಟಿದವರು ಯಾರು? ದಂಡನೆಗೊಳಗಾದ ಅದೇ ನಾಲ್ವರು. ಸ್ಟಾನ್‌ಫರ್ಡ್ ಅದೇ ವರ್ಷ ಅವರನ್ನು ಸೇರಿತು. ೧೯೬೨ರಲ್ಲಿ ವಾಷಿಂಗ್ಟನ್ ಸ್ಟೇಟ್‌ಗೂ, ೧೯೬೪ರಲ್ಲಿ ಆರೆಗಾನ್ ಮತ್ತು ಆರೆಗಾನ್ ಸ್ಟೇಟ್‌ಗಳಿಗೂ ಬಾಗಿಲು ತೆರೆಯಿತು. ಐಡಾಹೋವನ್ನು ಯಾರೂ ಕರೆಯಲಿಲ್ಲ. ನಿಯಮ ಮುರಿದವರು ಮನೆ ಕಟ್ಟಿಕೊಂಡರು. ದಂಡನೆಗೆ ಒಳಗಾಗದವನು ಬೀದಿಗೆ ಬಿದ್ದನು. ಜನಸಂಖ್ಯೆ, ಕ್ರೀಡಾಂಗಣದ ಗಾತ್ರ, ಟಿಕೆಟ್ಟಿನ ಆದಾಯ, ಇವೇ ಸದಸ್ಯತ್ವದ ಅಳತೆಗೋಲುಗಳಾದವೆಂಬುದು ಇಲ್ಲಿ ಮೊದಲ ಬಾರಿ ಸ್ಪಷ್ಟವಾಗುತ್ತದೆ.

ಐಡಾಹೋ ೧೯೬೩ರಲ್ಲಿ ನೆರೆಯ ಸಂಸ್ಥಾನಗಳ ಸಮಾನ ಅಂತಸ್ತಿನ ಕಾಲೇಜುಗಳೊಡನೆ ಕೂಡಿ ಬಿಗ್ ಸ್ಕೈ ಒಕ್ಕೂಟವನ್ನು ಸ್ಥಾಪಿಸಿತು. ಮಾಂಟಾನಾ, ಮಾಂಟಾನಾ ಸ್ಟೇಟ್, ಐಡಾಹೋ ಸ್ಟೇಟ್, ವೀಬರ್ ಸ್ಟೇಟ್, ಗೊನ್ಜಾಗ ಇವು ಉಳಿದ ಸ್ಥಾಪಕ ಸದಸ್ಯರು. ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು ೧೯೭೮ರಲ್ಲಿ ಫುಟ್‌ಬಾಲಿನ ಮೊದಲ ದರ್ಜೆಯನ್ನು ಮೇಲಿನ ಮತ್ತು ಕೆಳಗಿನ ಎರಡು ಉಪವಿಭಾಗಗಳಾಗಿ ಒಡೆದಾಗ ಬಿಗ್ ಸ್ಕೈ ಕೆಳಗಿನದರಲ್ಲಿ ನಿಂತಿತು. ಅಲ್ಲಿಂದ ಮುಂದಿನ ಕಾಲವೇ ಐಡಾಹೋದ ಸುವರ್ಣಯುಗ. ೧೯೮೨ರಿಂದ ೧೯೯೫ರ ವರೆಗೆ ತಂಡವು ೧೧ ಬಾರಿ ಉಪವಿಭಾಗದ ರಾಷ್ಟ್ರೀಯ ಪ್ರಶಸ್ತಿ ಪಂದ್ಯಾವಳಿಗೆ ಅರ್ಹತೆ ಪಡೆಯಿತು; ೧೯೮೮ರಲ್ಲಿಯೂ ೧೯೯೩ರಲ್ಲಿಯೂ ಉಪಾಂತ್ಯವನ್ನು ಮುಟ್ಟಿತು. ಸುಮಾರು ೩೦೦ ಮೈಲಿ ದಕ್ಷಿಣಕ್ಕೆ ರಾಜಧಾನಿಯಲ್ಲಿದ್ದ ಬಾಯ್ಸಿ ಸ್ಟೇಟ್ ತಂಡವನ್ನು ೧೯೮೨ರಿಂದ ೧೯೯೩ರ ವರೆಗೆ ಹನ್ನೆರಡು ವರ್ಷ ಸತತವಾಗಿ ಸೋಲಿಸಿತು. ೧೯೭೫ರಲ್ಲಿ ಛಾವಣಿ ಪಡೆದ ಕಿಬ್ಬೀ ಡೋಮ್ ಎಂಬ ೧೬,೦೦೦ ಆಸನಗಳ ಕ್ರೀಡಾಂಗಣವು ಆ ಊರಿಗೂ ಆ ಒಕ್ಕೂಟಕ್ಕೂ ಸಾಕಾಗಿತ್ತು.

ಇಷ್ಟರಲ್ಲಿ ದೂರದಲ್ಲಿ ನಡೆದ ಒಂದು ವ್ಯಾಜ್ಯವು ಎಲ್ಲರ ಭವಿಷ್ಯವನ್ನೂ ಬದಲಿಸಿತು. ಯಾವ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ತೋರಿಸಬೇಕೆಂಬ ಅಧಿಕಾರ ಅಲ್ಲಿಯ ವರೆಗೆ ಎನ್.ಸಿ.ಎ.ಎ. ಕೈಯಲ್ಲಿತ್ತು. ಓಕ್ಲಹಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾನಿಲಯಗಳು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದುವು. ೧೯೮೪ರ ಜೂನ್ ೨೭ರಂದು ಸರ್ವೋಚ್ಚ ನ್ಯಾಯಾಲಯವು ಈ ಅಧಿಕಾರವು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ಏಳಕ್ಕೆ ಎರಡು ಮತಗಳಿಂದ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರು ತಾರುಣ್ಯದಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದ ಪ್ರಖ್ಯಾತ ಫುಟ್‌ಬಾಲ್ ಆಟಗಾರರಾಗಿದ್ದವರೆಂಬುದು ಗಮನಾರ್ಹ. ಅಂದಿನಿಂದ ಪ್ರಸಾರದ ಹಕ್ಕು ಒಕ್ಕೂಟಗಳ ಮಾರಾಟದ ಸರಕಾಯಿತು. ಹೆಚ್ಚು ಮನೆಗಳಲ್ಲಿ ಹೆಚ್ಚು ಜನ ನೋಡುವ ತಂಡಗಳನ್ನು ಒಂದೆಡೆ ಕೂಡಿಸಿದಷ್ಟೂ ಸರಕಿಗೆ ಬೆಲೆ. ನೋಡುವವರಿಲ್ಲದ ಸದಸ್ಯನು ಪಾಲಿಗೆ ಬಂದ ದಾಯಾದಿಯಂತೆ ಭಾರವಾದನು.

ಇದರ ಪರಿಣಾಮವು ಮಾಸ್ಕೋವನ್ನು ಮುಟ್ಟಿದ ಬಗೆ ವಿಚಿತ್ರವಾದುದು. ಟೆಕ್ಸಸ್ಸಿನ ಹಳೆಯ ಸೌತ್‌ವೆಸ್ಟ್ ಒಕ್ಕೂಟವು ೧೯೯೬ರಲ್ಲಿ ಮುರಿದುಬಿತ್ತು. ಅದರ ನಾಲ್ಕು ದೊಡ್ಡ ಸದಸ್ಯರು ಹೊಸದಾದ ಬಿಗ್ ಟ್ವೆಲ್ವ್ ಸೇರಿದರು. ಉಳಿದವರಲ್ಲಿ ಮೂವರನ್ನು ವೆಸ್ಟರ್ನ್ ಅಥ್ಲೆಟಿಕ್ ಒಕ್ಕೂಟವು ಸೇರಿಸಿಕೊಂಡಿತಲ್ಲದೆ ಬಿಗ್ ವೆಸ್ಟ್ ಒಕ್ಕೂಟದಿಂದಲೂ ಇಬ್ಬರನ್ನು ಸೆಳೆದುಕೊಂಡಿತು. ಸದಸ್ಯರನ್ನು ಕಳೆದುಕೊಂಡ ಬಿಗ್ ವೆಸ್ಟ್, ಬಾಯ್ಸಿ ಸ್ಟೇಟ್ ಮತ್ತು ಐಡಾಹೋಗಳಿಗೆ ಆಹ್ವಾನವಿತ್ತಿತು. ಡಲ್ಲಾಸಿನಲ್ಲಿ ಬಿದ್ದ ಗೋಡೆಯ ಇಟ್ಟಿಗೆ ಪಲೂಸಿನಲ್ಲಿ ಬಂದು ಬಿದ್ದಿತು. ೧೯೫೯ರ ಅವಮಾನವನ್ನು ಮರೆಯದ ಐಡಾಹೋ, ೧೯೯೬ರಲ್ಲಿ ಮೇಲಿನ ಉಪವಿಭಾಗವನ್ನು ಏರಿತು.

ಮೊದಲು ಎಲ್ಲವೂ ಶುಭವಾಗಿಯೇ ಕಂಡಿತು. ೧೯೯೮ರಲ್ಲಿ ಬಾಯ್ಸಿ ಸ್ಟೇಟ್ ತಂಡವನ್ನು ಅದರ ನೆಲದಲ್ಲಿಯೇ ಹೆಚ್ಚುವರಿ ಆಟದಲ್ಲಿ ೩೬–೩೫ರಿಂದ ಮಣಿಸಿ ಬಿಗ್ ವೆಸ್ಟ್ ಪ್ರಶಸ್ತಿಯನ್ನು ಗೆದ್ದು, ಹ್ಯುಮಾನಿಟೇರಿಯನ್ ಬೌಲ್ ಪಂದ್ಯದಲ್ಲಿ ಸದರ್ನ್ ಮಿಸಿಸಿಪಿಯನ್ನು ೪೨–೩೫ರಿಂದ ಸೋಲಿಸಿತು. ಆದರೆ ಮೇಲಿನ ಉಪವಿಭಾಗದಲ್ಲಿ ಉಳಿಯಲು ಪ್ರೇಕ್ಷಕರ ಸಂಖ್ಯೆಯ ನಿಯಮವಿತ್ತು. ಕಿಬ್ಬೀ ಡೋಮ್ ಅದಕ್ಕೆ ಚಿಕ್ಕದಾಯಿತು. ೧೯೯೯ ಮತ್ತು ೨೦೦೦ರಲ್ಲಿ ತವರಿನ ಪಂದ್ಯಗಳನ್ನು ಪುಲ್‌ಮನ್ನಿನಲ್ಲಿ, ನೆರೆಯವರ ಕ್ರೀಡಾಂಗಣವನ್ನು ಕೇಳಿ ಪಡೆದು, ಆಡಬೇಕಾಯಿತು. ೨೦೦೦ದ ಋತುವಿನ ಕೊನೆಗೆ ಬಿಗ್ ವೆಸ್ಟ್ ಫುಟ್‌ಬಾಲನ್ನೇ ಕೈಬಿಟ್ಟಿತು. ೨೦೦೧ರಲ್ಲಿ ಐಡಾಹೋ ದಕ್ಷಿಣದ ಸನ್ ಬೆಲ್ಟ್ ಒಕ್ಕೂಟಕ್ಕೆ ಹೋಯಿತು. ೨೦೦೫ರಲ್ಲಿ ವೆಸ್ಟರ್ನ್ ಅಥ್ಲೆಟಿಕ್‌ಗೆ. ಅದರ ಸದಸ್ಯರು ಒಬ್ಬೊಬ್ಬರಾಗಿ ಎದ್ದುಹೋಗಿ ೨೦೧೨ರೊಡನೆ ಅಲ್ಲಿಯ ಫುಟ್‌ಬಾಲೂ ನಿಂತಿತು. ೨೦೧೩ರಲ್ಲಿ ಯಾವ ಒಕ್ಕೂಟವೂ ಇಲ್ಲದೆ ಒಂಟಿಯಾಗಿ ಆಡಿತು. ೨೦೧೪ರಲ್ಲಿ ಮತ್ತೆ ಸನ್ ಬೆಲ್ಟ್. ಈ ತಂಡದ ಅಡ್ಡಹೆಸರು ವ್ಯಾಂಡಲ್ಸ್. ೪೫೫ರಲ್ಲಿ ರೋಮನ್ನು ಸೂರೆಗೊಂಡ ಆ ಜರ್ಮಾನಿಕ್ ಜನಾಂಗವೂ ಗಾಲ್, ಸ್ಪೇನ್, ಆಫ್ರಿಕಾ ಎಂದು ನೆಲೆ ಬದಲಿಸುತ್ತ ಹೋದುದು ಚರಿತ್ರೆಯ ವಿದ್ಯಾರ್ಥಿಗಳಿಗೆ ನೆನಪಾಗದಿರದು. ಹೆಸರಿಟ್ಟವರು ಸೂರೆಯನ್ನು ನೆನೆದಿರಬೇಕು, ಫಲಿಸಿದುದು ಅಲೆದಾಟ.

ಒಂಟಿ ತಂಡಕ್ಕೂ ಬಡ ತಂಡಕ್ಕೂ ಹಣದ ಒಂದು ದಾರಿಯುಂಟು. ದೊಡ್ಡ ವಿಶ್ವವಿದ್ಯಾನಿಲಯಗಳು ಸುಲಭದ ಗೆಲುವಿಗಾಗಿ ಚಿಕ್ಕ ತಂಡಗಳನ್ನು ನಿಶ್ಚಿತ ಮೊಬಲಗು ಕೊಟ್ಟು ತಮ್ಮಲ್ಲಿಗೆ ಕರೆಸುತ್ತವೆ. ಹಣ ಸಿಗುತ್ತದೆ, ಮಾನ ಹೋಗುತ್ತದೆ. ೨೦೧೩ರ ನವೆಂಬರಿನಲ್ಲಿ ಫ್ಲಾರಿಡಾ ಸ್ಟೇಟ್ ಐಡಾಹೋವನ್ನು ೮೦–೧೪ರಿಂದ ಸೋಲಿಸಿತು. ಆ ವರ್ಷ ಐಡಾಹೋ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದಿತು. ೨೦೧೪ರ ಆಗಸ್ಟ್ ೩೦ರಂದು ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ಆಡಲು ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದ ತಂಡವು, ಗುಡುಗು ಮಿಂಚುಗಳಿಂದ ಗಂಟೆಗಟ್ಟಲೆ ಕಾದು, ಮೊದಲ ಒದೆತವೊಂದು ಆದೊಡನೆ ಪಂದ್ಯ ನಿಂತುಹೋಗಿ ಹಿಂದಿರುಗಿತು. ಗೊತ್ತಾದ ೯,೭೫,೦೦೦ ಡಾಲರುಗಳು ಮಾತ್ರ ಪೂರ್ತಿ ಸಂದವು. ಆಡದೆ ಬಂದ ಈ ಹಣವೇ ಆ ವರ್ಷಗಳ ವ್ಯವಹಾರವನ್ನು ಚೆನ್ನಾಗಿ ತಿಳಿಸುತ್ತದೆಂದು ನನಗೆ ತೋರುತ್ತದೆ.

ಬಿ.ಎ. ತರಗತಿಯಲ್ಲಿ ಸಾಮಂತ ಪದ್ಧತಿಯನ್ನು ಪಾಠ ಹೇಳುವಾಗ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರು ಸ್ವತಂತ್ರ ಪ್ರಭುಗಳಾದುದನ್ನೂ, ಇನ್ನೆಷ್ಟೋ ಮನೆತನಗಳು ಒಡೆಯರನ್ನು ಬದಲಿಸುತ್ತಲೇ ಮರೆಯಾದುದನ್ನೂ ವಿದ್ಯಾರ್ಥಿಗಳ ಮುಂದಿಡುತ್ತೇವೆ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೂ ಬಾಯ್ಸಿ ಸ್ಟೇಟ್‌ನ ಉದಾಹರಣೆ ಇಲ್ಲಿ ಅವಶ್ಯಕ. ಐಡಾಹೋದೊಡನೆ ೧೯೯೬ರಲ್ಲಿ ಒಂದೇ ಮೆಟ್ಟಿಲನ್ನು ಹತ್ತಿದ ಆ ತಂಡವು ೧೯೯೯ರಿಂದ ೨೦೧೦ರ ವರೆಗೆ ಹನ್ನೆರಡು ಸಲ ಸತತವಾಗಿ ಐಡಾಹೋವನ್ನು ಸೋಲಿಸಿ ಹಳೆಯ ಲೆಕ್ಕವನ್ನು ತೀರಿಸಿತು. ೨೦೦೭ರ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಓಕ್ಲಹಾಮಾದಂಥ ಬಲಿಷ್ಠ ತಂಡವನ್ನು ೪೩–೪೨ರಿಂದ ಮಣಿಸಿತು. ಒಂದು ರಾಜಧಾನಿಯ ಬೆಳೆಯುವ ನಗರದಲ್ಲಿತ್ತು, ಇನ್ನೊಂದು ಚಿಕ್ಕ ಊರಿನಲ್ಲಿ. ತರಬೇತುದಾರರ ಸಾಮರ್ಥ್ಯವನ್ನು ಅಲ್ಲಗಳೆಯದೆಯೇ, ಈ ಭೌಗೋಳಿಕ ಕಾರಣಕ್ಕೆ ಹೆಚ್ಚಿನ ಬೆಲೆ ಕೊಡಬೇಕೆಂದು ನನ್ನ ಅಭಿಪ್ರಾಯ.

೨೦೧೬ರ ಮಾರ್ಚ್ ತಿಂಗಳಲ್ಲಿ ಸನ್ ಬೆಲ್ಟ್ ಒಕ್ಕೂಟವು ೨೦೧೭ರ ಋತುವಿನ ಬಳಿಕ ಐಡಾಹೋ ಮತ್ತು ನ್ಯೂ ಮೆಕ್ಸಿಕೋ ಸ್ಟೇಟ್‌ಗಳ ಸದಸ್ಯತ್ವವನ್ನು ಮುಂದುವರಿಸುವುದಿಲ್ಲವೆಂದು ಸಾರಿತು. ವಿಶ್ವವಿದ್ಯಾನಿಲಯದ ಅಧ್ಯಕ್ಷ ಚಕ್ ಸ್ಟೇಬೆನ್ ಅವರ ಮುಂದೆ ಎರಡು ದಾರಿಗಳಿದ್ದವು: ಮತ್ತೆ ಒಂಟಿಯಾಗಿ ಅಲೆಯುವುದು, ಅಥವಾ ಬಿಗ್ ಸ್ಕೈಗೆ, ಎಂದರೆ ಕೆಳಗಿನ ಉಪವಿಭಾಗಕ್ಕೆ, ಇಳಿಯುವುದು. ಏಪ್ರಿಲ್ ೨೮ರಂದು ಅವರು ಎರಡನೆಯದನ್ನು ಆರಿಸಿದರು. ಎಲ್ಲರೂ ಮೇಲೇರಲು ಹೆಣಗುತ್ತಿದ್ದ ಆ ದಶಕಗಳಲ್ಲಿ ಹೀಗೆ ತಾನಾಗಿ ಇಳಿದ ವಿಶ್ವವಿದ್ಯಾನಿಲಯ ಇದೇ ಮೊದಲನೆಯದು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕೆರಳಿದರು. ಅವರ ನೋವು ಸುಳ್ಳಲ್ಲ: ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಆಗ ಮೇಲೆ ೮೫, ಕೆಳಗೆ ೬೩, ಇಳಿಯುವುದೆಂದರೆ ಅಷ್ಟು ಹುಡುಗರ ವಿದ್ಯಾಭ್ಯಾಸದ ಅವಕಾಶವೂ ಇಳಿದಂತೆಯೇ. ವಿಧಿಯ ವಿನೋದವೋ ಎಂಬಂತೆ, ಅದೇ ವರ್ಷ ತಂಡವು ಒಂಬತ್ತು ಪಂದ್ಯಗಳನ್ನು ಗೆದ್ದು, ಡಿಸೆಂಬರಿನಲ್ಲಿ ಬಾಯ್ಸಿಯಲ್ಲಿ ನಡೆದ ಐಡಾಹೋ ಪೊಟೇಟೋ ಬೌಲ್ ಪಂದ್ಯದಲ್ಲಿ ಕೊಲರಾಡೋ ಸ್ಟೇಟ್ ತಂಡವನ್ನು ೬೧–೫೦ರಿಂದ ಸೋಲಿಸಿತು. ಗೆಲುವಿನಿಂದ ತೀರ್ಮಾನವೇನೂ ಬದಲಾಗಲಿಲ್ಲ. ಏಕೆಂದರೆ ತೀರ್ಮಾನವು ಮೈದಾನದ ಫಲಿತಾಂಶವನ್ನು ಆಧರಿಸಿಯೇ ಇರಲಿಲ್ಲ.

೨೦೧೮ರಲ್ಲಿ ಹಿಂದಿರುಗಿದ ತಂಡವು ನಾಲ್ಕು ಋತುಗಳ ಕಾಲ ತಡವರಿಸಿತು. ಬಳಿಕ ಜೇಸನ್ ಎಕ್ ಎಂಬ ಹೊಸ ತರಬೇತುದಾರರ ಕೈಕೆಳಗೆ ೨೦೨೨, ೨೦೨೩, ೨೦೨೪ ಈ ಮೂರು ವರ್ಷವೂ ರಾಷ್ಟ್ರೀಯ ಪ್ರಶಸ್ತಿ ಪಂದ್ಯಾವಳಿಗೆ ಅರ್ಹವಾಯಿತು. ೨೦೨೩ರಲ್ಲಿ ನೆವಾಡಾವನ್ನೂ ೨೦೨೪ರಲ್ಲಿ ವಯೋಮಿಂಗನ್ನೂ ಅವರವರ ಊರುಗಳಲ್ಲಿಯೇ ಸೋಲಿಸಿತು. ಎರಡೂ ಮೇಲಿನ ಉಪವಿಭಾಗದ ತಂಡಗಳು. ಮಾಂಟಾನಾದಂಥ ಹಳೆಯ ನೆರೆಯವರೊಡನೆ ಆಡುವಾಗ ಅಭಿಮಾನಿಗಳು ಬಸ್ಸಿನಲ್ಲಿ ಹೋಗಿಬರಬಹುದಾಗಿತ್ತು. ಲೂಯಿಸಿಯಾನಾ, ಜಾರ್ಜಿಯಾಗಳ ಪ್ರಯಾಣ ತಪ್ಪಿತು.

ಆ ಹೊತ್ತಿಗೆ ಎಂಟು ಮೈಲಿ ಪಶ್ಚಿಮದಲ್ಲಿ ಸಿಡಿಲು ಬಡಿದಿತ್ತು. ೧೯೫೯ರ ನಾಲ್ವರು ಕಟ್ಟಿದ ಒಕ್ಕೂಟವು ಕಾಲಕ್ರಮದಲ್ಲಿ ಹನ್ನೆರಡು ಸದಸ್ಯರ ಪ್ಯಾಕ್-೧೨ ಆಗಿತ್ತು. ೨೦೨೨ರ ಜೂನಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಮತ್ತು ಯು.ಸಿ.ಎಲ್.ಎ. ಹೊರನಡೆಯುವುದಾಗಿ ಸಾರಿದವು. ಮರುವರ್ಷ ಕೊಲರಾಡೋ, ಆಗಸ್ಟ್ ೪ರ ಒಂದೇ ದಿನ ವಾಷಿಂಗ್ಟನ್ ಸೇರಿದಂತೆ ಐವರು, ಸೆಪ್ಟೆಂಬರ್ ೧ರಂದು ಕ್ಯಾಲಿಫೋರ್ನಿಯಾ ಮತ್ತು ಸ್ಟಾನ್‌ಫರ್ಡ್. ಹೀಗೆ ಸ್ಥಾಪಕರೆಲ್ಲರೂ ಎದ್ದುಹೋದರು. ಶಾಂತ ಸಾಗರದ ತೀರದ ಈ ವಿಶ್ವವಿದ್ಯಾನಿಲಯಗಳು ಅಟ್ಲಾಂಟಿಕ್ ತೀರದ ಒಕ್ಕೂಟವನ್ನು ಸೇರಿದುದನ್ನು ಭೂಗೋಳದ ಅಧ್ಯಾಪಕರು ಹೇಗೆ ವಿವರಿಸುವರೋ ತಿಳಿಯದು. ಉಳಿದವರು ಇಬ್ಬರೇ: ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗಾನ್ ಸ್ಟೇಟ್. ಒಕ್ಕೂಟದ ಆಡಳಿತವೂ ಆಸ್ತಿಯೂ ಹೋಗುವವರಿಗೆ ಸೇರಬಾರದೆಂದು ಅವರು ಪುಲ್‌ಮನ್ ಇರುವ ವಿಟ್ಮನ್ ಕೌಂಟಿಯ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿ ೨೦೨೩ರ ನವೆಂಬರಿನಲ್ಲಿ ಅನುಕೂಲವಾದ ಆಜ್ಞೆ ಪಡೆದರು. ೨೦೨೪ ಮತ್ತು ೨೦೨೫ರ ಋತುಗಳನ್ನು ಇಬ್ಬರೇ ಸದಸ್ಯರ ಒಕ್ಕೂಟವಾಗಿ ಕಳೆದರು. ೨೦೨೬ರಿಂದ ಸೇರಲು ಒಪ್ಪಿದ ಹೊಸಬರಲ್ಲಿ ಬಾಯ್ಸಿ ಸ್ಟೇಟ್ ಇತ್ತು. ಫುಟ್‌ಬಾಲ್ ಆಡದ ಗೊನ್ಜಾಗವೂ ಇತ್ತು. ಒಂದು ಕಾಲದ ಬಿಗ್ ಸ್ಕೈ ಸಂಗಾತಿಗಳು ಪುಲ್‌ಮನ್ನಿನ ಆಸರೆಗೆ ಬಂದರು. ಮಾಸ್ಕೋ ಆ ಪಟ್ಟಿಯಲ್ಲಿ ಇರಲಿಲ್ಲ.

೨೦೨೫ರ ಆಗಸ್ಟ್ ೩೦ರಂದು ಐಡಾಹೋ ತಂಡವು ಪುಲ್‌ಮನ್ನಿಗೆ ಹೋಗಿ ನೆರೆಯವರೊಡನೆ ಆಡಿತು. ವಾಷಿಂಗ್ಟನ್ ಸ್ಟೇಟ್ ೧೩–೧೦ರಿಂದ ಗೆದ್ದಿತು.