ಟ್ರ್ಯಾಕಿಂಗ್ ಪಿಕ್ಸೆಲ್: ಅದರ ಸ್ವರೂಪವೂ ಸಮ್ಮತಿಯ ಪ್ರಶ್ನೆಯೂ

ಅಂಗಡಿಗೆ ಬಂದ ಗಿರಾಕಿಯು ಯಾವ ಸರಕಿನ ಮುಂದೆ ಎಷ್ಟು ಹೊತ್ತು ನಿಂತನೆಂಬುದನ್ನು ವ್ಯಾಪಾರಿಯು ಕಣ್ಣಿನಿಂದಲೇ ಅರಿಯುತ್ತಾನೆ. ತನ್ನನ್ನು ನೋಡುತ್ತಿರುವರೆಂಬುದು ಗಿರಾಕಿಗೂ ತಿಳಿದಿರುತ್ತದೆ. ಅಂತರ್ಜಾಲದ ವ್ಯಾಪಾರದಲ್ಲಿ ಈ ಎರಡನೆಯ ಮಾತು ಸಲ್ಲದು. ಅಲ್ಲಿ ನೋಡುವ ಕಣ್ಣು ಅಗೋಚರವಾದುದು. ಟ್ರ್ಯಾಕಿಂಗ್ ಪಿಕ್ಸೆಲ್ ಎಂಬುದು ಅಂತಹ ಕಣ್ಣುಗಳಲ್ಲೊಂದು.

ಪಿಕ್ಸೆಲ್ ಎಂದರೆ ತೆರೆಯ ಮೇಲಣ ಚಿತ್ರದ ಅತಿ ಸಣ್ಣ ಬಿಂದು. ಉದ್ದಗಲಗಳಲ್ಲಿ ಒಂದೊಂದೇ ಬಿಂದುವುಳ್ಳ ಪಾರದರ್ಶಕ ಚಿತ್ರವೊಂದನ್ನು ಜಾಲಪುಟದಲ್ಲಿ ಅಡಗಿಸಿಡುವುದೇ ಇದರ ಮೂಲೋಪಾಯ. ಪುಟದೊಡನೆ ಬರುವುದು ಆ ಚಿತ್ರವಲ್ಲ, ಅದರ ವಿಳಾಸ ಮಾತ್ರ. ಚಿತ್ರವನ್ನು ಕಳುಹಿಸಬೇಕೆಂದು ಬ್ರೌಸರು ಆ ವಿಳಾಸದ ಸರ್ವರನ್ನು ಕೇಳಿಕೊಳ್ಳುತ್ತದೆ. ಈ ಕೋರಿಕೆಯೇ ವರದಿಯಾಗಿ ಪರಿಣಮಿಸುವುದು.

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ರೈತನೊಬ್ಬನು ಮೊಬೈಲಿನಲ್ಲಿ ಹತ್ತಿಬೀಜದ ಬೆಲೆಯನ್ನು ನೋಡಿದನೆಂದು ಭಾವಿಸಬಹುದು. ಆ ಪುಟದಲ್ಲಿ ಜಾಹೀರಾತು ಸಂಸ್ಥೆಯೊಂದರ ಪಿಕ್ಸೆಲ್ ಇದ್ದರೆ, ಅವನ ಸಂಪರ್ಕದ ಐ.ಪಿ. ವಿಳಾಸವೂ, ನೋಡಿದ ವೇಳೆಯೂ, ಮೊಬೈಲಿನ ಬಗೆಯೂ ಆ ಸಂಸ್ಥೆಗೆ ಮುಟ್ಟುತ್ತವೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಎಂಬವರು ರೂಪಿಸಿದ ಕುಕಿಯೆಂಬ ಗುರುತುಚೀಟಿಯೂ ಜೊತೆಗೂಡಿದರೆ, ಬೇರೆ ಬೇರೆ ತಾಣಗಳಲ್ಲಿ ಅವನು ನೋಡಿದುದೆಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತದೆ. ಮರುದಿನ ವಾರ್ತೆಯನ್ನೋದುವಾಗಲೂ ಹತ್ತಿಬೀಜದ ಜಾಹೀರಾತೇ ಎದುರಾಗುವುದಕ್ಕೆ ಇದು ಕಾರಣ. ಇ-ಮೇಲಿನಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಚಿತ್ರವಿಳಾಸವನ್ನು ಕೊಟ್ಟು, ಯಾರು ಯಾವಾಗ ಓಲೆಯನ್ನು ತೆರೆದರೆಂದು ತಿಳಿಯುವುದೂ ಉಂಟು.

ಇದಕ್ಕೆ ಪ್ರತಿಕ್ರಿಯೆಗಳು ಇಲ್ಲದಿಲ್ಲ. ಕೆಲವು ಬ್ರೌಸರುಗಳು ಅನ್ಯತಾಣದ ಕುಕಿಗಳನ್ನು ತಡೆಯುತ್ತವೆ. 2021ರಲ್ಲಿ ಆ್ಯಪಲ್ ಸಂಸ್ಥೆಯು ಓಲೆಯ ಚಿತ್ರಗಳನ್ನು ತಾನೇ ಮುಂದಾಗಿ ತರಿಸಿಡುವ ಏರ್ಪಾಡನ್ನು ಮಾಡಿ, ತೆರೆದ ಲೆಕ್ಕವನ್ನು ನೆಚ್ಚಲಾಗದಂತೆ ಮಾಡಿತು.

ಶಾಸನದ ಮಾರ್ಗವು ಬೇರೆ. ಕರ್ಣಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹುಟ್ಟಿತು. ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ 8ನೆಯ ಅನುಸೂಚಿಯ ಭಾಷೆಯೊಂದರಲ್ಲಾಗಲಿ ಓದುವ ಅವಕಾಶವಿರತಕ್ಕದ್ದೆಂದು ಅದು ವಿಧಿಸುತ್ತದೆ; ಕನ್ನಡವು ಆ ಭಾಷೆಗಳಲ್ಲೊಂದು. 18 ವರ್ಷ ತುಂಬದವರ ನಡವಳಿಕೆಯ ಜಾಡು ಹಿಡಿಯುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ನಿಯಮಗಳು ಪ್ರಕಟವಾದುದು 2025ರ ನವೆಂಬರಿನಲ್ಲಿ. ಈ ಮುಖ್ಯ ವಿಧಿಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿಯನ್ನು ಗೊತ್ತುಪಡಿಸಲಾಯಿತು.

ಕಾಣದ ಬಿಂದುವಿಗೆ ಒಪ್ಪಿಗೆ ಕೊಡುವುದು ಸುಲಭವಲ್ಲ. ಅರಿಯದ ಭಾಷೆಯಲ್ಲಿ ಕೇಳಿದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಆದುದರಿಂದ ಮಸರಕಲ್ಲಿನ ಓದುಗನ ಮಟ್ಟಿಗೆ ಈ ಕಾಯಿದೆಯ ಸಾರ್ಥಕತೆಯು, ಆ ಕೋರಿಕೆಯು ಅವನಿಗೆ ತಿಳಿಯುವ ಕನ್ನಡದಲ್ಲಿ ಬರುವುದನ್ನೇ ಅವಲಂಬಿಸಿದೆ.